ಪೊಕೇಯಿರಾ ಕಣಿವೆಯಲ್ಲಿ ನಾಲ್ಕು ದಿನ: ನೀರಿನ ಮಟ್ಟ ನೋಡಿ ದಾರಿ ಆರಿಸಿಕೊಳ್ಳಿ

ಪ್ರಶ್ನೆ: ನಾನು ಮ್ಯೂನಿಕ್‌ನಲ್ಲಿ ಉದ್ಯೋಗದಲ್ಲಿದ್ದೇನೆ. ಮೇ ತಿಂಗಳ ಕೊನೆಯ ವಾರ ಶಿವಮೊಗ್ಗದಿಂದ ನನ್ನ ತಂದೆ, ತಾಯಿ ಬರುತ್ತಿದ್ದಾರೆ. ದಕ್ಷಿಣ ಸ್ಪೇನಿನ ಅಲ್ಪುಹಾರಾ ಸೀಮೆಯ ಕಪಿಲೇಯಿರಾ ಎಂಬ ಬೆಟ್ಟದ ಹಳ್ಳಿಯಲ್ಲಿ ನಾಲ್ಕು ದಿನ ಉಳಿದು, ಸುತ್ತಲಿನ ಕಾಲುದಾರಿಗಳಲ್ಲಿ ನಡೆಯಬೇಕೆಂದಿದ್ದೇವೆ. ತಂದೆಗೆ 63 ವರ್ಷ. ಕೊಡಚಾದ್ರಿ, ಕುಮಾರ ಪರ್ವತ ಹತ್ತಿದವರು. ತಾಯಿಗೆ ಮೊಣಕಾಲು ನೋವಿದೆ, ಇಳಿಜಾರು ಕಷ್ಟ. ಮುಲಾಸೆನ್ ಶಿಖರವನ್ನು ಹತ್ತಿಯೇ ಬರಬೇಕೆಂದು ತಂದೆಯ ಹಟ. ಅದು ಸಾಧ್ಯವೇ? ಕಾಲುವೆಯ ದಂಡೆಯ ಮೇಲೆ ಸಾಗುವ ದಾರಿಗಳು ಸುರಕ್ಷಿತವೇ? ದಾರಿಗುರುತುಗಳನ್ನು ನಂಬಬಹುದೇ? ನಾವು ಸಸ್ಯಾಹಾರಿಗಳು; ಊಟಕ್ಕೆ ತೊಂದರೆಯಾದೀತೇ?

ಉತ್ತರ: ನಿಮ್ಮ ತಂದೆಯವರ ಹಟಕ್ಕೆ ಸಂಬಂಧಿಸಿದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಮೇ ಕೊನೆಯಲ್ಲಿ, ನಾಲ್ಕೇ ದಿನಗಳ ಬಿಡುವಿನಲ್ಲಿ, ಹಿಮದ ಮೇಲೆ ನಡೆದು ಅಭ್ಯಾಸವಿಲ್ಲದವರು ಮುಲಾಸೆನ್ ಶಿಖರವನ್ನು ಗುರಿಯಾಗಿ ಇಟ್ಟುಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇದರಿಂದ ನಿಮಗೆ ನಷ್ಟವೇನೂ ಆಗುವುದಿಲ್ಲ. ಆ ವಾರ ಕಣಿವೆಯ ನಿಜವಾದ ಸೊಗಸು ಇರುವುದು ಶಿಖರದಲ್ಲಲ್ಲ, ಅದರ ಕೆಳಗೆ 1,000ದಿಂದ 2,500 ಮೀಟರ್ ಎತ್ತರದ ನಡುವೆ. ಕರಗಿದ ಹಿಮದ ನೀರು ಆಗ ಕಾಲುವೆಗಳಲ್ಲಿ ತುಂಬಿ ಹರಿಯುತ್ತಿರುತ್ತದೆ, ಚೆಸ್ಟ್‌ನಟ್ ಮರಗಳು ಎಲೆ ತಳೆದಿರುತ್ತವೆ, ಬೇಸಿಗೆಯ ಒಣ ಬಿಸಿಲು ಇನ್ನೂ ಬಲಿತಿರುವುದಿಲ್ಲ. ಇಲ್ಲಿನ ಕಾಲುದಾರಿಗಳನ್ನು ಪ್ರವಾಸಿಗರಿಗೆಂದು ಯಾರೂ ಕಡಿದದ್ದಲ್ಲ. ನೀರನ್ನು ಹೊಲಕ್ಕೆ ತರಲು, ಹೇಸರಗತ್ತೆಯ ಮೇಲೆ ಧಾನ್ಯ ಸಾಗಿಸಲು, ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗಿಬರಲು ಜನ ಮಾಡಿಕೊಂಡವು ಅವು. ಯಾವ ದಾರಿ ಯಾವ ಕೆಲಸಕ್ಕೆ ಹುಟ್ಟಿತು ಎಂಬುದು ತಿಳಿದರೆ, ಅದು ಎಷ್ಟು ಕಡಿದಾಗಿರುತ್ತದೆ, ಎಲ್ಲಿ ನೆರಳಿರುತ್ತದೆ, ತಾಯಿಯವರ ಮೊಣಕಾಲಿಗೆ ಒಗ್ಗುತ್ತದೆಯೇ ಎಂಬುದನ್ನು ನಕ್ಷೆ ಬಿಚ್ಚುವ ಮೊದಲೇ ಊಹಿಸಬಹುದು.

ಸ್ಥಳದ ಪರಿಚಯ ಸ್ವಲ್ಪ ಬೇಕು. ಗ್ರನಾಡಾ ನಗರದ ಆಗ್ನೇಯಕ್ಕಿರುವ ಸಿಯೆರಾ ನೆವಾಡಾ ಪರ್ವತಸಾಲಿನ ದಕ್ಷಿಣದ ಇಳಿಜಾರೇ ಅಲ್ಪುಹಾರಾ. ಮುಲಾಸೆನ್‌ನ ಎತ್ತರ 3,479 ಮೀಟರ್. ಸ್ಪೇನ್ ಮತ್ತು ಪೋರ್ಚುಗಲ್ ಸೇರಿದ ಐಬೀರಿಯಾ ಪರ್ಯಾಯ ದ್ವೀಪದಲ್ಲೇ ಅದು ಅತ್ಯುನ್ನತ ಶಿಖರ. ಅಲ್ಲಿಂದ ಮೆಡಿಟರೇನಿಯನ್ ಕಡಲತೀರಕ್ಕೆ ನೇರ ದೂರ 40 ಕಿಲೋಮೀಟರಿನ ಆಸುಪಾಸು ಮಾತ್ರ. ಮಾಡುಗಳು ಬಿಸಿಲಿನಲ್ಲಿ ಒಣಗುತ್ತಿರುವಾಗ ಅವುಗಳ ಹಿಂದೆಯೇ ಹಿಮದ ಗೋಡೆ ನಿಂತಿರುವ ಈ ನೋಟಕ್ಕೆ ಅದೇ ಕಾರಣ. ಶಿಖರದ ನೈರುತ್ಯಕ್ಕೆ ಕೊರೆದುಕೊಂಡು ಇಳಿಯುವ ಪೊಕೇಯಿರಾ ಕಣಿವೆಯ ಪೂರ್ವ ಮಗ್ಗುಲಿನಲ್ಲಿ ಮೂರು ಹಳ್ಳಿಗಳು ಒಂದರ ಮೇಲೊಂದು ಕುಳಿತಿವೆ: ಸುಮಾರು 1,060 ಮೀಟರಿನಲ್ಲಿ ಪಂಪನೇಯಿರಾ, 1,300ರ ಸುಮಾರಿಗೆ ಬುಬಿಯೋನ್, 1,436ರಲ್ಲಿ ಕಪಿಲೇಯಿರಾ. ಇಡೀ ಎತ್ತರದ ಭಾಗ 1999ರಿಂದ ರಾಷ್ಟ್ರೀಯ ಉದ್ಯಾನ. ಅದಕ್ಕೂ ಮೊದಲು, 1986ರಲ್ಲೇ, ಯುನೆಸ್ಕೊದ ಜೀವಗೋಲ ಮೀಸಲು ಪ್ರದೇಶವಾಗಿ ಘೋಷಿತವಾಗಿತ್ತು.

ಇನ್ನು ಕಾಲುವೆಗಳು. ಸ್ಥಳೀಯರು ಅವನ್ನು ಅಸೇಕಿಯಾ ಎನ್ನುತ್ತಾರೆ. ಮುಸ್ಲಿಂ ಆಳ್ವಿಕೆಯ ಕಾಲದಲ್ಲಿ, ಅಂದರೆ ಎಂಟನೇ ಶತಮಾನದ ನಂತರ 1492ರಲ್ಲಿ ಗ್ರನಾಡಾ ಕ್ಯಾಥೊಲಿಕ್ ದೊರೆಗಳ ವಶವಾಗುವವರೆಗಿನ ಅವಧಿಯಲ್ಲಿ, ಈ ಜಾಲ ಬೆಳೆಯಿತು. ಮೊರಿಸ್ಕೊ ಎಂದು ಕರೆಯಲಾಗುತ್ತಿದ್ದ, ಬಲವಂತವಾಗಿ ಮತಾಂತರಗೊಂಡ ಇಲ್ಲಿನ ಮುಸ್ಲಿಮರು 1568ರಲ್ಲಿ ದಂಗೆಯೆದ್ದರು. 1571ರ ಹೊತ್ತಿಗೆ ದಂಗೆ ಅಡಗಿತು, ಅವರನ್ನು ಇಡೀ ಪ್ರದೇಶದಿಂದ ಹೊರಗೆ ಸಾಗಿಸಲಾಯಿತು, ಉತ್ತರ ಸ್ಪೇನಿನಿಂದಲೂ ಬೇರೆಡೆಗಳಿಂದಲೂ ಹೊಸ ಒಕ್ಕಲುಗಳನ್ನು ತಂದು ಕೂರಿಸಲಾಯಿತು. ಹೊಸಬರಿಗೆ ನೀರಿನ ವ್ಯವಸ್ಥೆ ಕಲಿಸಲೆಂದು ಪ್ರತಿ ಹಳ್ಳಿಯಲ್ಲೂ ಎರಡು ಮೊರಿಸ್ಕೊ ಕುಟುಂಬಗಳನ್ನು ಉಳಿಸಿಕೊಂಡರೆಂಬ ಮಾತು ಇಲ್ಲಿ ಮನೆಮನೆಯಲ್ಲೂ ಕೇಳಸಿಗುತ್ತದೆ. ಜನ ಬದಲಾದರು, ಭಾಷೆ ಬದಲಾಯಿತು, ಕಾಲುವೆ ಮಾತ್ರ ನಿಲ್ಲಲಿಲ್ಲ.

ಈ ಕಾಲುವೆಗಳಲ್ಲಿ ಎರಡು ಬಗೆ. ಒಂದು, ಹಳ್ಳಿಗಳ ಸುತ್ತಲಿನ ಮೆಟ್ಟಿಲು ಹೊಲಗಳಿಗೆ ನೇರವಾಗಿ ನೀರುಣಿಸುವಂಥದು. ಇನ್ನೊಂದು, ಕಾರೆಯೊ ಎಂದು ಕರೆಯುವ ಎತ್ತರದ ಕಾಲುವೆ. ನನಗೆ ಇಡೀ ಅಲ್ಪುಹಾರಾದಲ್ಲಿ ಅತ್ಯಂತ ಗೌರವ ಹುಟ್ಟಿಸುವ ಕೆಲಸ ಅದು. ವಸಂತದಲ್ಲಿ ಹಿಮ ಕರಗುವಾಗ ಹೊಳೆಗಳಲ್ಲಿ ನೀರು ಅಗತ್ಯಕ್ಕಿಂತ ಹೆಚ್ಚಿರುತ್ತದೆ, ಜುಲೈ ಆಗಸ್ಟಿನಲ್ಲಿ ಮಳೆಯ ಹನಿಯೂ ಬೀಳುವುದಿಲ್ಲ. ಆದ್ದರಿಂದ ಹೆಚ್ಚಿದ್ದಾಗಲೇ ಹೊಳೆಯ ತಲೆಯಲ್ಲಿ ನೀರನ್ನು ತಿರುಗಿಸಿ, ಬೆಟ್ಟದ ಮೈಗುಂಟ ಸಾಗಿಸಿ, ಕಲ್ಲು ಬಿರುಕುಬಿಟ್ಟು ಮಣ್ಣು ಸಡಿಲವಾಗಿರುವ ಗೊತ್ತಾದ ತಾಣಗಳಲ್ಲಿ ಬಿಟ್ಟುಬಿಡುತ್ತಾರೆ. ಅದು ನೆಲದೊಳಗೆ ಇಂಗಿ, ನಿಧಾನವಾಗಿ ಇಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ನೂರಾರು ಮೀಟರ್ ಕೆಳಗಿನ ಒರತೆಗಳಲ್ಲಿ ಮತ್ತೆ ಹೊರಬೀಳುತ್ತದೆ. ಇಂಗುಗುಂಡಿ ತೋಡಿ ತೆರೆದ ಬಾವಿಯಲ್ಲಿ ಜಲ ಬರಿಸಿಕೊಂಡ ಮಲೆನಾಡಿನ ರೈತರಿಗೆ ಈ ಲೆಕ್ಕಾಚಾರವನ್ನು ವಿವರಿಸಬೇಕಾಗಿಯೇ ಇಲ್ಲ. ನಿಮ್ಮ ತಂದೆಯವರು ನೋಡಿದ ಕೂಡಲೇ ಗುರುತಿಸುತ್ತಾರೆ. ಹಂಚಿಕೆಯನ್ನು ನೋಡಿಕೊಳ್ಳಲು ನಮ್ಮ ಕೆರೆಗಳ ನೀರುಗಂಟಿಯಂತೆಯೇ ಇಲ್ಲಿಯೂ ಒಬ್ಬರು ಇರುತ್ತಾರೆ. ಯಾರ ಸರದಿ, ಎಷ್ಟು ಹೊತ್ತು ಎಂಬುದು ಅವರ ತಲೆಯಲ್ಲಿರುತ್ತದೆ. ಸನಿಕೆ ಹಿಡಿದು ದಂಡೆಯ ಮೇಲೆ ಎದುರಾದರೆ ದಾರಿ ಬಿಟ್ಟು ನಿಲ್ಲಿ, ಅವರು ಕೆಲಸದಲ್ಲಿದ್ದಾರೆ.

ಕಾಲುವೆಯ ದಂಡೆ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸುರಕ್ಷತೆಯ ಬಗೆಗಿನ ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಹಳೆಯ ಅಸೇಕಿಯಾದ ಅಗಲ ಬಹುತೇಕ ಕಡೆ ಒಂದು ಹೆಜ್ಜೆ ದಾಟಬಹುದಾದಷ್ಟು. ಬೆಟ್ಟದ ಕಡೆಯ ಬದಿ ಅಗೆದ ನೆಲ; ಕಣಿವೆಯ ಕಡೆಯ ಬದಿ ಕಲ್ಲು ಜೋಡಿಸಿ, ಮಣ್ಣು ಮೆತ್ತಿ, ಹುಲ್ಲಿನ ಬೇರಿನಿಂದ ಹಿಡಿದಿಟ್ಟ ಏರಿ. ನೀವು ನಡೆಯುವುದು ಈ ಏರಿಯ ತಲೆಯ ಮೇಲೆ. ಸಿಮೆಂಟು ಇಲ್ಲದಿರುವುದರಿಂದ ಅಲ್ಲಲ್ಲಿ ನೀರು ಜಿನುಗಿ ಏರಿಯ ಮಣ್ಣು ಮೆತ್ತಗಾಗಿರುತ್ತದೆ, ತೆಳ್ಳನೆಯ ಶಿಸ್ಟ್ ಕಲ್ಲಿನ ಹಲ್ಲೆಗಳು ಪಾಚಿಗಟ್ಟಿ ಜಾರುತ್ತವೆ. ಹೊಲಕ್ಕೆ ನೀರು ಬಿಡುವ ಜಾಗದಲ್ಲಿ ಒಂದು ಕಲ್ಲುಹಲ್ಲೆ ನೆಟ್ಟು, ಸಂದಿಗೆ ಹುಲ್ಲುಗಡ್ಡೆ ಒತ್ತಿರುತ್ತಾರೆ. ಅದೇ ಇಲ್ಲಿನ ತೂಬು. ನೋಡಲು ಯಾರೋ ಬಿಸುಟ ಕಲ್ಲಿನಂತೆ ಕಾಣುವುದರಿಂದ ಅದನ್ನು ಎತ್ತಿಟ್ಟು ದಾರಿ ಸರಿಮಾಡಲು ಹೋಗುವ ಪ್ರವಾಸಿಗರಿದ್ದಾರೆ. ದಯವಿಟ್ಟು ಮುಟ್ಟಬೇಡಿ, ಒಂದು ಹಲ್ಲೆ ಸರಿದರೆ ಒಬ್ಬರ ಸರದಿಯ ನೀರು ಇನ್ನೊಬ್ಬರ ಹೊಲಕ್ಕೆ ಹೋಗುತ್ತದೆ. ಏರಿ ಕಿರಿದಾದಲ್ಲಿ ಕಾಲುವೆಯೊಳಗೇ ಕಾಲಿಟ್ಟು ನಡೆಯುವುದೂ ಬೇಡ, ಒಳಮೈಯ ಜೇಡಿ ಕಿತ್ತು ಸೋರಿಕೆ ಹೆಚ್ಚುತ್ತದೆ.

ದಾರಿ ಬಹುಮಟ್ಟಿಗೆ ಸಮತಟ್ಟು. ನೀರು ಹರಿಯಬೇಕಾದಷ್ಟೇ ಓರೆ. ಅದು ಮೊಣಕಾಲಿಗೆ ವರದಾನ. ಅದರ ಬೆಲೆ ಎಂದರೆ ಕಿರಿದುತನ. ಹೊರಮಗ್ಗುಲಿನಲ್ಲಿ ಕೆಲವೆಡೆ ಮೂರು ನಾಲ್ಕು ಆಳೆತ್ತರದ ನೇರ ಇಳಿತವಿದ್ದು, ಕಂಬಿ ಸರಪಳಿ ಯಾವುದೂ ಇರುವುದಿಲ್ಲ. ಎತ್ತರ ಕಂಡರೆ ತಲೆ ಸುತ್ತುವವರಿಗೆ, ಸಮತೋಲನ ಸಾಲದವರಿಗೆ ಇದು ಹೇಳಿದ್ದಲ್ಲ. ಬಂಡೆಯಿರುವಲ್ಲಿ ಅಥವಾ ಕಿರುತೊರೆ ದಾಟುವಲ್ಲಿ ಏರಿಯೇ ಮಾಯವಾಗಿ, ದಾರಿ ಕೆಳಗಿಳಿದು ಮತ್ತೆ ಹತ್ತುವುದೂ ಉಂಟು. ತಾಯಿಯವರನ್ನು ಕರೆದುಕೊಂಡು ಹೋಗುವುದಾದರೆ ಹಳ್ಳಿಗೆ ಹತ್ತಿರದ, ಹೊಲಗಳ ನಡುವಿನ ಕಾಲುವೆಗಳನ್ನು ಮಾತ್ರ ಆರಿಸಿಕೊಳ್ಳಿ, ಕೈಗೆ ಊರುಗೋಲು ಕೊಡಿ, ಹಿಂದಿನ ದಿನ ಮಳೆಯಾಗಿದ್ದರೆ ಅದನ್ನೂ ಬಿಟ್ಟುಬಿಡಿ. ಕಾಲುವೆಯ ನೀರನ್ನು ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬಾರದು, ಮೇಲೆ ದನ, ಕುರಿ ಮೇಯುತ್ತಿರುತ್ತವೆ. ಹಳ್ಳಿಯ ಕಾರಂಜಿಗಳ ನೀರನ್ನು, ಕುಡಿಯಬಾರದೆಂಬ ಫಲಕ ಇಲ್ಲದಿದ್ದರೆ, ತುಂಬಿಕೊಳ್ಳಬಹುದು.

ಈಗ ದಿನಗಳ ಲೆಕ್ಕ. ಮೊದಲ ದಿನ ಮೂರು ಹಳ್ಳಿಗಳ ನಡುವಿನ ಹಳೆಯ ದಾರಿಗೆ ಮೀಸಲಿರಲಿ, ಆದರೆ ಕಪಿಲೇಯಿರಾದಿಂದ ಕೆಳಗೆ ಇಳಿಯಬೇಡಿ. ಬೆಳಿಗ್ಗೆ ಬಸ್ಸಿನಲ್ಲಿ ಪಂಪನೇಯಿರಾಕ್ಕೆ ಇಳಿದು, ಅಲ್ಲಿಂದ ಬುಬಿಯೋನ್ ಮಾರ್ಗವಾಗಿ ಮೇಲಕ್ಕೆ ನಡೆಯಿರಿ. ಒಟ್ಟು ಏರಿಕೆ 380 ಮೀಟರಿನಷ್ಟು; ನಿಂತು ನೋಡುತ್ತ ಬಂದರೂ ಎರಡು ಗಂಟೆ ಸಾಕು. ನೋಯುವ ಮೊಣಕಾಲಿಗೆ ಹತ್ತುವುದಕ್ಕಿಂತ ಇಳಿಯುವುದೇ ಶತ್ರು ಎಂಬುದನ್ನು ಈ ಕಣಿವೆಯಲ್ಲಿ ಪ್ರತಿ ದಿನವೂ ನೆನಪಿಡಬೇಕು, ಬಸ್ಸು ಟ್ಯಾಕ್ಸಿಗಳನ್ನು ಇಳಿಯುವುದಕ್ಕೆಂದೇ ಬಳಸಬೇಕು. ದಾರಿ ಮೆಟ್ಟಿಲು ಹೊಲಗಳ ನಡುವೆ, ಕಲ್ಲು ಹಾಸಿದ ಹೇಸರಗತ್ತೆಯ ದಾರಿಯಾಗಿ ಸಾಗುತ್ತದೆ. ಹೊಲಗಳನ್ನು ತಡೆದು ನಿಲ್ಲಿಸಿರುವ, ಗಾರೆಯಿಲ್ಲದೆ ಬರಿ ಕಲ್ಲಿನಿಂದ ಕಟ್ಟಿದ ಗೋಡೆಗಳನ್ನು ಗಮನಿಸಿ. ಇಂಥ ಗೋಡೆ ಕಟ್ಟುವ ಕೌಶಲವನ್ನು ಯುನೆಸ್ಕೊ 2018ರಲ್ಲಿ ಸ್ಪೇನ್ ಸೇರಿದಂತೆ ಎಂಟು ದೇಶಗಳ ಹೆಸರಿನಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆ ಹತ್ತಿ ಅಡ್ಡದಾರಿ ಹಿಡಿದರೆ ಒಂದು ಕಲ್ಲಿನ ಜೊತೆ ಒಂದು ಗಜ ಗೋಡೆಯೇ ಕುಸಿಯಬಹುದು.

ಹಳ್ಳಿಗಳೊಳಗೆ ಮನೆಯ ಮಾಡುಗಳನ್ನು ಮೇಲಿನ ಬೀದಿಯಿಂದ ನೋಡಬೇಕು. ಮೆಡಿಟರೇನಿಯನ್ ಎಂದಾಕ್ಷಣ ಕಣ್ಣಿಗೆ ಬರುವ ಕೆಂಪು ಹೆಂಚು ಇಲ್ಲಿಲ್ಲ. ಚೆಸ್ಟ್‌ನಟ್ ತೊಲೆಗಳ ಮೇಲೆ ಕಲ್ಲುಹಲ್ಲೆ ಹಾಸಿ, ಅದರ ಮೇಲೆ ಲೌನಾ ಎಂಬ ಬೂದುಬಣ್ಣದ ಜೇಡಿಯನ್ನು ಹರಡಿ ಚಪ್ಪಟೆ ಮಾಳಿಗೆ ಮಾಡುತ್ತಾರೆ. ನೆನೆದಾಗ ಬಿಗಿದುಕೊಂಡು ಅದು ನೀರನ್ನು ಒಳಬಿಡುವುದಿಲ್ಲ. ಚಿತ್ರದುರ್ಗ, ಬಳ್ಳಾರಿ ಕಡೆಯ ಮಣ್ಣಿನ ಮಾಳಿಗೆಮನೆ ಕಂಡವರಿಗೆ ಇದು ಅಪರಿಚಿತವೆನಿಸದು. ಬೀದಿಯ ಮೇಲೆಯೇ ಒಂದು ಮನೆಯಿಂದ ಎದುರು ಮನೆಗೆ ಕೋಣೆ ಚಾಚಿ, ಕೆಳಗೆ ನಡೆದಾಡಲು ನೆರಳಿನ ದಾರಿ ಬಿಟ್ಟಿರುವುದನ್ನು ತಿನಾವೊ ಎನ್ನುತ್ತಾರೆ.

ಎರಡನೆಯ ದಿನ ಕಪಿಲೇಯಿರಾದಿಂದ ಲಾ ಸೆಬಾದಿಯಾಕ್ಕೆ ಹೋಗಿ. ಕಣಿವೆಯ ತಲೆಯಲ್ಲಿ, ನೌತೆ ಮತ್ತು ತೊರೀಲ್ ಹೊಳೆಗಳು ಕೂಡಿ ಪೊಕೇಯಿರಾ ಆಗುವಲ್ಲಿ, ಜಲವಿದ್ಯುತ್ ಕೇಂದ್ರದ ಕೆಲಸಗಾರರಿಗಾಗಿ 1950ರ ದಶಕದಲ್ಲಿ ಕಟ್ಟಿದ ಪುಟ್ಟ ವಸತಿ ಅದು. ಕೇಂದ್ರ ಈಗಲೂ ನಡೆಯುತ್ತಿದೆ, ವಸತಿ ಮಾತ್ರ ಪಾಳುಬಿದ್ದಿದೆ. ಇಲ್ಲಿಗೆ ಹೋಗಲು ಎರಡು ದಾರಿಗಳಿರುವುದರಿಂದ ಕುಟುಂಬವನ್ನು ಎರಡಾಗಿ ಮಾಡಿಕೊಳ್ಳುವುದು ಒಳ್ಳೆಯದು. ತಾಯಿಯವರು ಮತ್ತು ಅವರ ಜೊತೆಗೊಬ್ಬರು ಕಪಿಲೇಯಿರಾದ ಮೇಲ್ತುದಿಯಿಂದ ಹೊರಡುವ ಅಗಲವಾದ ಮಣ್ಣುರಸ್ತೆಯಲ್ಲಿ ಹೋಗಲಿ. ಅದು ನಿಧಾನವಾಗಿ ಏರುತ್ತದೆ, ಕಾಲಿಗೆ ಎಡರುವ ಕಲ್ಲು ಕಡಿಮೆ, ಎದುರಿಗೆ ಉದ್ದಕ್ಕೂ ಹಿಮದ ನೋಟ. ತಂದೆಯವರ ಜೊತೆ ನೀವು ಹಳ್ಳಿಯ ಕೆಳತುದಿಯಲ್ಲಿರುವ ಎರಾಸ್ ದೆ ಅಲ್ದೇಯಿರೆಯಿಂದ, ಅಂದರೆ ಕಲ್ಲು ಹಾಸಿದ ದುಂಡನೆಯ ಹಳೆಯ ಕಣಗಳಿಂದ, ಹೊಳೆಗೆ ಇಳಿದು, ಆಚೆ ದಡ ಸೇರಿ, ಹಳೆಯ ತೋಟದ ಮನೆಗಳ ನಡುವೆ ಮೇಲಕ್ಕೆ ನಡೆದು ಅವರನ್ನು ಕೂಡಿಕೊಳ್ಳಬಹುದು. ಹೊಳೆಗೆ ಈ ಭಾಗದಲ್ಲಿ ಮೊಲೀನೊ, ಚೀಸ್ಕರ್, ಅಬುಚೀತೆ ಎಂಬ ಮೂರು ಕಿರುಸೇತುವೆಗಳಿವೆ. ಯಾವುದರಿಂದ ದಾಟುತ್ತೀರಿ ಎಂಬುದರ ಮೇಲೆ ದಾರಿಯ ಉದ್ದ ನಿರ್ಧಾರವಾಗುವುದರಿಂದ ಇವುಗಳ ಹೆಸರನ್ನು ಬರೆದಿಟ್ಟುಕೊಳ್ಳಿ. ಪೂರ್ಣ ಸುತ್ತಿಗೆ ನಾಲ್ಕು ಗಂಟೆ ಹಿಡಿದುಕೊಳ್ಳಿ, ಮರಳುವಾಗ ಎಲ್ಲರೂ ಮಣ್ಣುರಸ್ತೆಯಲ್ಲೇ ಬನ್ನಿ.

ಆಚೆ ದಡದಲ್ಲಿ ನಡೆಯುವಾಗ ಒಂದು ವ್ಯತ್ಯಾಸ ಕಾಣುತ್ತದೆ. ನೀರು ಜಿನುಗುವ ಮಣ್ಣಿನ ಕಾಲುವೆಯ ಕೆಳಗೆ ಚೆಸ್ಟ್‌ನಟ್, ಅಕ್ರೋಟು, ಪಾಪ್ಲರ್ ಮರಗಳು ದಟ್ಟವಾಗಿರುತ್ತವೆ. ಕಾಲುವೆ ಕೈಬಿಟ್ಟಲ್ಲಿ ಅಥವಾ ಅದರ ಬದಲು ಪೈಪು ಹಾಕಿದಲ್ಲಿ ಮರಗಳ ತುದಿ ಒಣಗತೊಡಗಿರುತ್ತದೆ. ಸೋರಿಕೆ ತಡೆದು ನೀರು ಉಳಿಸಬೇಕೆಂಬ ವಾದ ಕಾಗದದ ಮೇಲೆ ಸರಿಯೇ. ಆದರೆ ಇಲ್ಲಿ ಆ ಸೋರಿಕೆಯೇ ಕಾಡನ್ನು, ಇಳಿಜಾರಿನ ಮಣ್ಣನ್ನು, ಕೆಳಗಿನ ಹಳ್ಳಿಯ ಒರತೆಯನ್ನು ಸಾಕುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಜನ ನಗರಗಳಿಗೆ ಗುಳೆ ಹೋದ ಮೇಲೆ ಹೂಳೆತ್ತುವವರಿಲ್ಲದೆ ಎಷ್ಟೋ ಕಾಲುವೆಗಳು ಮುಚ್ಚಿಹೋದವು. ಗ್ರನಾಡಾ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಕಳೆದ ದಶಕದಿಂದ ಸ್ಥಳೀಯ ನೀರಾವರಿ ಸಂಘಗಳೊಂದಿಗೆ, ಸ್ವಯಂಸೇವಕರೊಂದಿಗೆ ಸೇರಿ ಸನಿಕೆ ಗುದ್ದಲಿ ಹಿಡಿದು ಇವನ್ನು ಮತ್ತೆ ತೆರೆಯುತ್ತಿದ್ದಾರೆ. ಪಕ್ಕದ ಕಾನ್ಯಾರ್ ಹಳ್ಳಿಯ ಮೇಲಿನ ಕಾಲುವೆ ಹೀಗೆ ಮರುಜೀವ ಪಡೆದವುಗಳಲ್ಲಿ ಮೊದಲನೆಯದು. ಇದು ಹಳೆಯದರ ಮೋಹದಿಂದ ಮಾಡುವ ಕೆಲಸವಲ್ಲ. ಹಿಮ ಕಡಿಮೆಯಾಗುತ್ತಿರುವ ಕಾಲದಲ್ಲಿ ಬಂದ ನೀರನ್ನು ಬೆಟ್ಟದೊಳಗೇ ಹಿಡಿದಿಡುವ, ಅಗ್ಗದ, ಪರೀಕ್ಷಿತವಾದ ವ್ಯವಸ್ಥೆ ಬೇರೊಂದಿಲ್ಲ ಎಂದೇ ನಾನು ನಂಬಿದ್ದೇನೆ.

ಮೂರನೆಯ ದಿನ ಎತ್ತರಕ್ಕೆ ಮೀಸಲಿಡಿ. ಇಲ್ಲಿ ತಂದೆಯವರ ಹಟಕ್ಕೆ ನ್ಯಾಯವಾದ ಉತ್ತರವೂ ಸಿಗುತ್ತದೆ. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರು 1,500 ಮೀಟರಿಗೂ ಹೆಚ್ಚು ಏರಿದ್ದಾರೆ. ಕಾಲಿನ ಶಕ್ತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕುಮಾರ ಪರ್ವತದ ತುದಿ 1,712 ಮೀಟರ್, ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೂ 2,000 ಮೀಟರನ್ನು ಮುಟ್ಟುವುದಿಲ್ಲ. ಇಲ್ಲಿ ಅದಕ್ಕಿಂತ ಮೇಲೆ ನಡಿಗೆ ಆರಂಭವಾಗುತ್ತದೆ. ಮುಲಾಸೆನ್ ತಲೆಯ ಮೇಲೆ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡು ಪಾಲಿನಷ್ಟೇ ಇರುತ್ತದೆ. ಜರ್ಮನಿಯಿಂದ ಬಂದು ಮೂರನೆಯ ದಿನಕ್ಕೆ ಅಲ್ಲಿಗೆ ಹೋದರೆ ಕೆಲವರಿಗಾದರೂ ತಲೆನೋವು, ವಾಕರಿಕೆ ಬರುವುದು ಸಹಜ. ಅದಕ್ಕಿಂತ ಮುಖ್ಯವಾದದ್ದು ಹಿಮ. ಬೇಸಿಗೆಯಲ್ಲಿ ದಕ್ಷಿಣದ ಏಣಿನಿಂದ ಹೋಗುವ ದಾರಿ ಬರಿ ದಣಿವಿನ ದಾರಿಯಷ್ಟೆ. ಮೇ ಕೊನೆಯಲ್ಲಿ ಮೇಲ್ಭಾಗದಲ್ಲಿ ಹಿಮದ ಹಾಸುಗಳು ಉಳಿದಿರುತ್ತವೆ, ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಗಾಜಿನಂತಿರುತ್ತವೆ. ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳು, ಹಿಮಗೊಡಲಿ ಮತ್ತು ಅವುಗಳ ಬಳಕೆ ತಿಳಿಯದವರಿಗೆ ಅಲ್ಲಿ ಜಾರಿದರೆ ತಡೆಯಿಲ್ಲ. ಶಿಖರದ ಉತ್ತರ ಮುಖ ಪ್ರಪಾತ. ಅದರ ಅಂಚಿನಲ್ಲಿ ಗಾಳಿ ಕಟ್ಟಿದ ಹಿಮದ ಚಾಚು ನೆಲದಂತೆಯೇ ಕಾಣುತ್ತದೆ.

ಇನ್ನೊಂದು ಅಡಚಣೆಯೂ ಇದೆ. ರಾಷ್ಟ್ರೀಯ ಉದ್ಯಾನದ ಮಿನಿಬಸ್ಸು ಕಪಿಲೇಯಿರಾದಿಂದ ಸುಮಾರು 2,700 ಮೀಟರಿನವರೆಗೆ ನಡೆಯುವವರನ್ನು ಕೊಂಡೊಯ್ಯುತ್ತದೆ. ಬೇಸಿಗೆಯಲ್ಲಿ ಶಿಖರ ಸುಲಭವೆನ್ನುವವರು ಬಹುತೇಕ ಇದನ್ನೇ ಹತ್ತಿ ಹೋದವರು. ರಸ್ತೆಯ ಹಿಮ ತೆರವಾದ ಮೇಲಷ್ಟೇ, ಸಾಮಾನ್ಯವಾಗಿ ಜೂನ್ ಕೊನೆಯ ಹೊತ್ತಿಗೆ, ಅದರ ಓಡಾಟ ಶುರುವಾಗುತ್ತದೆ. ಖಾಸಗಿ ವಾಹನಗಳನ್ನು 2,150 ಮೀಟರಿನಲ್ಲಿರುವ ಓಯಾ ದೆಲ್ ಪೊರ್ತಿಯೊದ ಗೇಟಿನಲ್ಲೇ ತಡೆಯುತ್ತಾರೆ. ಅಂದರೆ ನಿಮ್ಮ ವಾರದಲ್ಲಿ ಶಿಖರಕ್ಕೆ ಅಲ್ಲಿಂದ 1,300 ಮೀಟರಿಗೂ ಹೆಚ್ಚು ಏರಬೇಕು, ಅಷ್ಟನ್ನೂ ಅದೇ ದಿನ ಇಳಿಯಬೇಕು.

ಅದರ ಬದಲು ಅದೇ ಗೇಟಿನಿಂದ ಪೈನ್ ನೆಡುತೋಪಿನ ಮೂಲಕ ಹತ್ತಿ, ಪುಯೆರ್ತೊ ಮೊಲೀನಾ ಎಂಬ ಏಣಿನ ನೋಟದ ತಾಣ ತಲುಪಿ, ಹವೆ ಮತ್ತು ಹಿಮ ಅನುಕೂಲವಾಗಿದ್ದರೆ 2,500 ಮೀಟರಿನಲ್ಲಿರುವ ಪೊಕೇಯಿರಾ ಆಶ್ರಯಮನೆಯವರೆಗೆ ಸಾಗಿ. ಏರಿಕೆ ಮಿತವಾದದ್ದು, ಒಂದು ಬದಿಗೆ ಮೂರು ಗಂಟೆ ಸಾಕು. ಗೇಟಿನವರೆಗಿನ ಮಣ್ಣುರಸ್ತೆಗೆ ಹಳ್ಳಿಯಿಂದ ಟ್ಯಾಕ್ಸಿ ಗೊತ್ತುಮಾಡಿ, ಮರಳುವ ಹೊತ್ತನ್ನೂ ಆಗಲೇ ಹೇಳಿಬಿಡಿ. ಆಂಡಲೂಸಿಯಾದ ಪರ್ವತಾರೋಹಣ ಒಕ್ಕೂಟಕ್ಕೆ ಸೇರಿದ ಆ ಮನೆಯಲ್ಲಿ ಊಟ, ಹಾಸಿಗೆ ಎರಡೂ ಸಿಗುತ್ತವೆ. ಮುಂಗಡ ಕಾಯ್ದಿರಿಸುವುದು ಅಗತ್ಯ. ಅಲ್ಲಿನ ಉಸ್ತುವಾರಿಯವರಿಗೆ ಹಿಂದಿನ ದಿನ ಫೋನು ಮಾಡಿ ದಾರಿಯಲ್ಲಿ ಹಿಮ ಎಲ್ಲಿಯವರೆಗಿದೆ ಎಂದು ಕೇಳಿ, ಅವರು ಬೇಡವೆಂದರೆ ಪುಯೆರ್ತೊ ಮೊಲೀನಾದಿಂದಲೇ ಹಿಂದಿರುಗಿ. ಮುಲಾಸೆನ್ ಅಲ್ಲಿಂದ ಎದುರಿಗೇ ಕಾಣುತ್ತದೆ. ಕಪಿಲೇಯಿರಾದಿಂದಲೇ ನಡೆದು ಲಾ ಸೆಬಾದಿಯಾ, ಲಾಸ್ ತೋಮಾಸ್ ತೋಟದಮನೆ ಮತ್ತು ಎತ್ತರದ ಕಾಲುವೆಗಳ ಮೂಲಕ ಆಶ್ರಯಮನೆ ಸೇರುವ ದಾರಿ ಇಡೀ ಕಣಿವೆಯಲ್ಲಿ ಅತ್ಯುತ್ತಮವಾದದ್ದು. ಆದರೆ 1,060 ಮೀಟರ್ ಏರಿಕೆ, ಐದು ಗಂಟೆ ನಡಿಗೆ, ನೆರಳು ಕಡಿಮೆ. ರಾತ್ರಿ ಮೇಲೆ ಉಳಿಯುವುದಾದರೆ ಮಾತ್ರ ನೀವು ಮತ್ತು ತಂದೆಯವರು ಯೋಚಿಸಬಹುದು. ತಂದೆಯವರಿಗೆ ಶಿಖರವೇ ಬೇಕಾದರೆ ಮುಂದೊಂದು ವರ್ಷ ಜುಲೈನಿಂದ ಸೆಪ್ಟೆಂಬರ್ ನಡುವೆ ಬರಲಿ.

ಈ ಎತ್ತರದಲ್ಲಿ ಐಬೆಕ್ಸ್ ಎಂಬ ಕಾಡುಮೇಕೆಗಳು ಧಾರಾಳ. ತಿನಿಸು ಹಾಕದೆ ದೂರದಿಂದ ನೋಡಿ. ಹೂ ಕೀಳುವುದು ಬೇಡವೇ ಬೇಡ. ಸಿಯೆರಾ ನೆವಾಡಾದಲ್ಲಿ 2,000ಕ್ಕೂ ಹೆಚ್ಚು ಬಗೆಯ ಸಸ್ಯಗಳಿವೆ, ಅವುಗಳಲ್ಲಿ ಹಲವು ಭೂಮಿಯ ಮೇಲೆ ಇನ್ನೆಲ್ಲೂ ಬೆಳೆಯುವುದಿಲ್ಲ. ಪೈನ್ ಮರಗಳಲ್ಲಿ ಬಿಳಿ ಬಲೆಯಂಥ ಗೂಡು ಕಂಡರೆ ಹತ್ತಿರ ಹೋಗಬೇಡಿ, ಅದರ ಕಂಬಳಿಹುಳುವಿನ ರೋಮ ಮೈಗೆ ತಾಗಿದರೆ ದದ್ದು ಏಳುತ್ತದೆ. ನಮ್ಮ ಪಶ್ಚಿಮ ಘಟ್ಟದ ಜಿಗಣೆಗಳ ಕಾಟ ಇಲ್ಲಿಲ್ಲ.

ನಾಲ್ಕನೆಯ ದಿನಕ್ಕೆ ಎರಡು ಆಯ್ಕೆಗಳಿವೆ, ತಾಯಿಯವರ ಕಾಲು ಹೇಗಿದೆ ನೋಡಿ ನಿರ್ಧರಿಸಿ. ಕಾಲು ಒಪ್ಪಿದರೆ ಬುಬಿಯೋನ್‌ನಿಂದ ಪೂರ್ವದ ಏಣನ್ನು ದಾಟಿ ಪಿಟ್ರೆಸ್‌ಗೆ ಹೋಗುವ ಜಿಆರ್ 7 ದಾರಿ. ಸ್ಪೇನಿನ ದಕ್ಷಿಣ ತುದಿಯ ತರೀಫಾದಿಂದ ಹೊರಡುವ ಈ ದೂರದಾರಿ ಯುರೋಪಿನ ಇ4 ಮಾರ್ಗದ ಭಾಗ. ಎರಡೂವರೆ ಗಂಟೆಯ ನಡಿಗೆ, ಮರಳಲು ಬಸ್ಸು. ಪಿಟ್ರೆಸ್‌ನ ಕೆಳಗಿನ ಪುಟ್ಟ ಹಳ್ಳಿಗಳಾದ ಫೆರೇಯಿರೋಲಾ, ಫೊಂದಾಲೆಸ್ ಬಲು ಚೆಂದ. ಅವುಗಳಾಚೆ ಟ್ರೆವೆಲೆಸ್ ಹೊಳೆಗೆ ಇಳಿಯುವ ಅಂಕುಡೊಂಕಿನ ಹೇಸರಗತ್ತೆಯ ದಾರಿಯನ್ನು ತಂದೆಯವರಿಗಷ್ಟೇ ಬಿಡಿ. ಕಾಲು ಒಪ್ಪದಿದ್ದರೆ ಟ್ಯಾಕ್ಸಿಯಲ್ಲಿ ಕಣಿವೆಯ ಎದುರು ಮಗ್ಗುಲಿನ ಓ ಸೆಲ್ ಲಿಂಗ್ ಬೌದ್ಧ ಕೇಂದ್ರಕ್ಕೆ ಹೋಗಿಬನ್ನಿ. 1982ರಲ್ಲಿ ಇಲ್ಲಿಗೆ ಬಂದ ದಲೈ ಲಾಮಾ ಇಟ್ಟ ಹೆಸರು ಅದು. ಕರ್ನಾಟಕದವರಿಗೆ ಇದರೊಂದಿಗೆ ನಂಟೂ ಇದೆ: ಬುಬಿಯೋನ್‌ನಲ್ಲಿ ನೆಲೆಸಿದ್ದ ಸ್ಪೇನಿನ ದಂಪತಿಗೆ 1985ರಲ್ಲಿ ಹುಟ್ಟಿದ ಮಗುವನ್ನು ಟಿಬೆಟಿನ ಗುರು ಲಾಮಾ ಯೇಶೆಯವರ ಮರುಹುಟ್ಟೆಂದು ಗುರುತಿಸಲಾಯಿತು, ಆ ಬಾಲಕ ಮುಂದೆ ಓದಿದ್ದು ನಮ್ಮ ಬೈಲಕುಪ್ಪೆಯ ಸೆರಾ ಮಠದಲ್ಲಿ. ಸಂದರ್ಶಕರಿಗೆ ನಿಗದಿತ ಹೊತ್ತಿನಲ್ಲಷ್ಟೇ ಪ್ರವೇಶ, ಮೊದಲೇ ವಿಚಾರಿಸಿಕೊಳ್ಳಿ.

ದಾರಿಗುರುತುಗಳ ವಿಷಯ. ಜಿಆರ್ ಎಂಬ ದೂರದಾರಿಗಳಿಗೆ ಬಿಳಿ ಕೆಂಪು ಪಟ್ಟೆ, ಪಿಆರ್ ಎಂಬ ಕಿರುದಾರಿಗಳಿಗೆ ಬಿಳಿ ಹಳದಿ ಪಟ್ಟೆ. ಅದೇ ಬಣ್ಣಗಳು ಕತ್ತರಿಯಾಕಾರದಲ್ಲಿದ್ದರೆ ಆ ಕವಲು ತಪ್ಪು ಎಂದರ್ಥ. ಸಿಯೆರಾ ನೆವಾಡಾವನ್ನು ಸುಮಾರು 300 ಕಿಲೋಮೀಟರ್ ಸುತ್ತುಹಾಕುವ ಜಿಆರ್ 240 ಸುಲಾಯಿರ್ ದಾರಿಯೂ ಈ ಕಣಿವೆಯನ್ನು ಹಾಯುತ್ತದೆ, ಅದರ ಕಂಬಗಳನ್ನು ಕಂಡು ಗೊಂದಲಪಡಬೇಡಿ. ಹಳ್ಳಿಗಳ ನಡುವಿನ ಗುರುತುಗಳನ್ನು ಬಹುಮಟ್ಟಿಗೆ ನಂಬಬಹುದು. ಕಾಲುವೆಯ ದಂಡೆಗಳಲ್ಲಿ ಗುರುತೇ ಇರುವುದಿಲ್ಲ; ಹಸುಗಳ ಜಾಡು ದಾರಿಯಂತೆ ಕಂಡು ದಿಕ್ಕು ತಪ್ಪಿಸುತ್ತದೆ. ಫೋನಿನ ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಇಳಿಸಿಕೊಳ್ಳುವುದರ ಜೊತೆಗೆ 1:40,000 ಪ್ರಮಾಣದ ಮುದ್ರಿತ ನಕ್ಷೆಯೊಂದನ್ನು ಕೊಳ್ಳಿ, ಕಣಿವೆಯ ಆಳದಲ್ಲಿ ಸಿಗ್ನಲ್ ಸಿಗುವುದಿಲ್ಲ. ಪಂಪನೇಯಿರಾದ ಚೌಕದಲ್ಲಿರುವ ರಾಷ್ಟ್ರೀಯ ಉದ್ಯಾನದ ಮಾಹಿತಿ ಕೇಂದ್ರಕ್ಕೆ ಮೊದಲ ದಿನವೇ ಹೋಗಿ, ಯಾವ ಸೇತುವೆ ದುರಸ್ತಿಯಲ್ಲಿದೆ, ಯಾವ ದಾರಿ ಕುಸಿದಿದೆ ಎಂದು ಕೇಳಿಕೊಳ್ಳುವುದು ಯಾವ ನಕ್ಷೆಗಿಂತಲೂ ಉಪಯುಕ್ತ. ಹಾದುಹೋಗುವ ಗೇಟುಗಳನ್ನು ನೀವು ಕಂಡಂತೆಯೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ. ಅಪಘಾತವಾದರೆ ಕರೆಯಬೇಕಾದ ಸಂಖ್ಯೆ 112.

ಊಟಕ್ಕೆ ತೊಂದರೆಯಾಗದು, ಆದರೆ ಎಚ್ಚರ ಬೇಕು. ಅಲ್ಪುಹಾರಾದ ಹೆಸರಾಂತ ತಟ್ಟೆಯೂಟ ಹಂದಿಮಾಂಸದ್ದು, ಟ್ರೆವೆಲೆಸ್ ಹಳ್ಳಿ ಗಾಳಿಯಲ್ಲಿ ಒಣಗಿಸಿದ ಹಂದಿತೊಡೆಗೆ ಪ್ರಸಿದ್ಧ. ಮಾಂಸವಿಲ್ಲದ ತಿನಿಸು ಕೇಳಿದರೆ ಹಂದಿತೊಡೆಯ ಚೂರನ್ನೋ ಟ್ಯೂನಾ ಮೀನನ್ನೋ ಮಾಂಸವೆಂದು ಎಣಿಸದೆ ಉದುರಿಸಿ ತರುವುದುಂಟು. ಆದ್ದರಿಂದ "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಅತೂನ್" ಎಂದು ಮೂರನ್ನೂ ಬಿಡಿಸಿ ಹೇಳಿ. ಆಲೂಗಡ್ಡೆ, ಈರುಳ್ಳಿ, ದೊಣ್ಣೆಮೆಣಸನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸಿದ ಪಾಪಾಸ್ ಅ ಲೊ ಪೋಬ್ರೆ ಎಲ್ಲೆಡೆ ಸಿಗುತ್ತದೆ, ಮೊಟ್ಟೆ ಬೇಡವೆನ್ನಬೇಕು ಅಷ್ಟೆ. ಮೇಕೆಹಾಲಿನ ಚೀಸು, ಜೇನು, ಅಕ್ರೋಟು, ರೊಟ್ಟಿ ಅಂಗಡಿಗಳಲ್ಲಿ ಧಾರಾಳ. ಅಡಿಗೆಮನೆಯಿರುವ ಬಾಡಿಗೆ ಮನೆ ಹಿಡಿದರೆ ಅನ್ನ ಸಾರಿಗೂ ದಾರಿಯಾಗುತ್ತದೆ. ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಎರಡು ಗಂಟೆಯ ಸುಮಾರಿಗೆ, ರಾತ್ರಿಯೂಟ ಎಂಟೂವರೆಯ ನಂತರ. ಬುತ್ತಿ ಕಟ್ಟಿಕೊಂಡೇ ಹೊರಡಿ.

ಗ್ರನಾಡಾದ ಬಸ್ ನಿಲ್ದಾಣದಿಂದ ಕಪಿಲೇಯಿರಾಕ್ಕೆ ಎರಡೂವರೆ ಗಂಟೆಯ ಆಸುಪಾಸಿನ ಪಯಣ. ದಿನಕ್ಕೆ ಕೆಲವೇ ಬಸ್ಸುಗಳಿವೆ. ವಾರಾಂತ್ಯದಲ್ಲಿ, ಹಬ್ಬದ ದಿನಗಳಲ್ಲಿ ವೇಳೆ ಬದಲಾಗುವುದರಿಂದ ಹಿಂದಿನ ಸಂಜೆ ಖಚಿತಪಡಿಸಿಕೊಳ್ಳಿ. ಓರ್ಹಿವಾದಾಚೆ ರಸ್ತೆ ತಿರುವುಗಳಿಂದ ತುಂಬಿದೆ, ಆಗುಂಬೆ ಘಾಟಿಯಲ್ಲಿ ತಾಯಿಯವರಿಗೆ ವಾಂತಿಯಾಗುವುದಾದರೆ ಇಲ್ಲಿಗೂ ಮಾತ್ರೆ ಇಟ್ಟುಕೊಳ್ಳಿ. ಮೇ ಕೊನೆಯಲ್ಲಿ ಕತ್ತಲಾಗುವುದು ರಾತ್ರಿ ಒಂಬತ್ತೂವರೆ ಕಳೆದ ಮೇಲೆ. ಹಾಗೆಂದು ತಡವಾಗಿ ಹೊರಡಬೇಡಿ. ಮಧ್ಯಾಹ್ನದ ನಂತರ ಶಿಖರಗಳ ಮೇಲೆ ಮೋಡ ಕಟ್ಟಿ ಗುಡುಗುವ ಸಾಧ್ಯತೆ ಆ ತಿಂಗಳಲ್ಲಿ ಇರುವುದರಿಂದ, ಎತ್ತರಕ್ಕೆ ಹೋಗುವ ದಿನ ಬೆಳಿಗ್ಗೆ ಎಂಟಕ್ಕೆ ಓಯಾ ದೆಲ್ ಪೊರ್ತಿಯೊ ಬಿಟ್ಟು ಮಧ್ಯಾಹ್ನ ಎರಡರೊಳಗೆ ಅಲ್ಲಿಗೇ ಮರಳುವಂತೆ ಟ್ಯಾಕ್ಸಿ ಗೊತ್ತುಮಾಡಿ. ಮೂರನೆಯ ದಿನ ಹವೆ ಕೆಟ್ಟಿದ್ದರೆ ಅದನ್ನು ನಾಲ್ಕನೆಯ ದಿನದ ನಡಿಗೆಯೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು.